ಸೂಪರ್‌ಬೈಕ್ ಹೋಲಿಕೆ: ಬೆಲೆ, ಬಲ ಎರಡನ್ನೂ ಒಂದೇ ತಕ್ಕಡಿಗೆ ಹಾಕುವುದು ಹೇಗೆ?

ಒಂದು ಕೈಯಲ್ಲಿ ಡುಕಾಟಿ ಬ್ರೋಷರ್, ಇನ್ನೊಂದರಲ್ಲಿ ಕವಾಸಕಿ ಬ್ರೋಷರ್. ಎರಡರಲ್ಲೂ ಸಾಲುಸಾಲು ಅಂಕಿಗಳು. ಒಂದರಲ್ಲಿ ಶಕ್ತಿಯನ್ನು ಎಚ್‌ಪಿ ಎಂದು ಬರೆದಿದ್ದಾರೆ, ಇನ್ನೊಂದರಲ್ಲಿ ಪಿಎಸ್. ಒಂದರ ತೂಕದಲ್ಲಿ ಪೆಟ್ರೋಲ್ ಸೇರಿಲ್ಲ, ಇನ್ನೊಂದರಲ್ಲಿ ಸೇರಿದೆ. ಬೆಲೆಯ ಅಂತರವಂತೂ ಲಕ್ಷಗಳಲ್ಲಿ. ಇದನ್ನೆಲ್ಲ ನೋಡಿ ತಲೆ ಗಿರ್ರೆನ್ನುತ್ತಿದ್ದರೆ ಭಯಪಡಬೇಡಿ. ಕೂಡಿಸಿ, ಕಳೆದು, ಭಾಗಿಸಲು ಬಂದರೆ ಸಾಕು, ಈ ಹೋಲಿಕೆ ನಿಮ್ಮ ಕೈಯಲ್ಲೇ ಆಗುತ್ತದೆ.

ಬೇಕಾದದ್ದು ಇಷ್ಟೇ: ಒಂದು ನೋಟ್‌ಬುಕ್ ಅಥವಾ ಫೋನ್‌ನಲ್ಲಿ ಗೂಗಲ್ ಶೀಟ್ಸ್, ಒಂದು ಕ್ಯಾಲ್ಕುಲೇಟರ್, ಕಂಪನಿಗಳ ಅಧಿಕೃತ ಸ್ಪೆಕ್ ಶೀಟ್‌ಗಳು. ಅಭ್ಯಾಸಕ್ಕೆ ನಾಲ್ಕು ಬೈಕ್ ತೆಗೆದುಕೊಳ್ಳೋಣ: ಡುಕಾಟಿ ಪಾನಿಗಾಲೆ ವಿ4, ಬಿಎಂಡಬ್ಲ್ಯು ಎಸ್ 1000 ಆರ್‌ಆರ್, ಕವಾಸಕಿ ನಿಂಜಾ ಜೆಡ್‌ಎಕ್ಸ್-10ಆರ್, ಸುಜುಕಿ ಹಯಾಬುಸಾ. ನಿಮ್ಮ ಪಟ್ಟಿಯಲ್ಲಿ ಬೇರೆ ಬೈಕ್ ಇದ್ದರೂ ವಿಧಾನ ಇದೇ.

ಹಂತ 1: ಎಲ್ಲಿ ಓಡಿಸುತ್ತೀರಿ ಎಂದು ಒಂದು ಸಾಲು ಬರೆಯಿರಿ

ನೋಟ್‌ಬುಕ್‌ನ ಮೊದಲ ಪುಟದಲ್ಲಿ, ಎಲ್ಲಕ್ಕಿಂತ ಮೇಲೆ, ಈ ಸಾಲು ಇರಲಿ. ‘ಭಾನುವಾರ ಬೆಳಿಗ್ಗೆ ನಂದಿ ಬೆಟ್ಟದ ಕಡೆ’, ‘ತಿಂಗಳಿಗೊಮ್ಮೆ ಗೋವಾ ಅಥವಾ ಕೊಡಗು’, ‘ವರ್ಷಕ್ಕೆ ಕೆಲವು ಸಲ ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೈ ಟ್ರ್ಯಾಕ್‌ನಲ್ಲಿ’, ಹೀಗೆ. ನಿಮಗೆ ಅನ್ವಯಿಸುವುದನ್ನು ಮಾತ್ರ ಬರೆಯಿರಿ, ಆಸೆಗಳನ್ನು ಬರೆಯಬೇಡಿ.

ಇದನ್ನು ಮೊದಲು ಮಾಡಿಸುವುದಕ್ಕೆ ಕಾರಣವಿದೆ. ನಮ್ಮ ನಾಲ್ಕು ಪಥದ ಹೆದ್ದಾರಿಗಳಲ್ಲಿ ದ್ವಿಚಕ್ರ ವಾಹನಗಳಿಗೆ ಕೇಂದ್ರ ಸರ್ಕಾರ 2018ರಲ್ಲಿ ಗೊತ್ತುಮಾಡಿದ ಗರಿಷ್ಠ ಮಿತಿ ಗಂಟೆಗೆ 80 ಕಿ.ಮೀ. ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ಪಥಕ್ಕೆ 2023ರ ಆಗಸ್ಟ್ 1ರಿಂದ ಬೈಕ್‌ಗಳಿಗೆ ಪ್ರವೇಶವೇ ಇಲ್ಲ, ಸರ್ವಿಸ್ ರಸ್ತೆಯಲ್ಲೇ ಹೋಗಬೇಕು. ಈ ನಾಲ್ಕೂ ಬೈಕ್‌ಗಳು ಮೊದಲ ಗೇರ್‌ನಲ್ಲೇ ನೂರು ದಾಟುವಂಥವು. ಅಂದರೆ ನೀವು ದುಡ್ಡು ಕೊಟ್ಟು ಕೊಳ್ಳುವ ಬಲದ ದೊಡ್ಡ ಪಾಲು ರಸ್ತೆಯಲ್ಲಿ ಹೊರಗೇ ಬರುವುದಿಲ್ಲ. ಅದು ತಪ್ಪೆಂದು ನಾನು ಹೇಳುತ್ತಿಲ್ಲ. ಲೆಕ್ಕ ಹಾಕುವಾಗ ಈ ಮಾತು ಕಣ್ಣ ಮುಂದೆ ಇರಲಿ ಅಷ್ಟೆ.

ಹಂತ 2: ಪಟ್ಟಿ ಗೀಚಿ, ಮಾಡೆಲ್ ವರ್ಷ ಬರೆಯಿರಿ

ಗೂಗಲ್ ಶೀಟ್ಸ್ ತೆರೆಯಿರಿ. ಎಡಗಡೆ ಮೇಲಿನಿಂದ ಕೆಳಗೆ ಬೈಕ್‌ಗಳ ಹೆಸರು ಬರಲಿ. ಮೇಲ್ಸಾಲಿನಲ್ಲಿ ಕ್ರಮವಾಗಿ: ಮಾಡೆಲ್ ವರ್ಷ, ಎಕ್ಸ್-ಶೋರೂಮ್ ಬೆಲೆ, ಬೆಲೆಯ ತಾರೀಕು, ಕಿಲೋವ್ಯಾಟ್, ಪಿಎಸ್, ಟಾರ್ಕ್, ಟಾರ್ಕ್ ಸಿಗುವ ಆರ್‌ಪಿಎಂ, ತೂಕ, ಟ್ಯಾಂಕ್ ಎಷ್ಟು ಲೀಟರ್, ಸೀಟ್ ಎತ್ತರ.

ಮಾಡೆಲ್ ವರ್ಷದ ಕಾಲಂ ಯಾಕೆ ಎಂದು ಹೊಸಬರು ಕೇಳುತ್ತಾರೆ. ಹಯಾಬುಸಾವನ್ನೇ ನೋಡಿ. ಎರಡನೇ ತಲೆಮಾರಿನ ಬೈಕ್ 197 ಪಿಎಸ್ ಕೊಡುತ್ತಿತ್ತು. 2021ರಲ್ಲಿ ಬಂದ ಮೂರನೇ ತಲೆಮಾರಿನದು 190 ಪಿಎಸ್. ಹೊಗೆ ನಿಯಮಗಳು ಬಿಗಿಯಾದವು, ಕಂಪನಿ ಎಂಜಿನ್ನನ್ನು ಅದಕ್ಕೆ ತಕ್ಕಂತೆ ಹೊಂದಿಸಿತು. ಹೆಸರು ಅದೇ, ಅಂಕಿ ಬೇರೆ. ಸೆಕೆಂಡ್ ಹ್ಯಾಂಡ್ ಬೈಕ್ ನೋಡುವವರು ಈ ಕಾಲಂ ಬಿಟ್ಟರೆ ಮುಂದಿನ ಲೆಕ್ಕವೆಲ್ಲ ದಾರಿ ತಪ್ಪುತ್ತದೆ.

ಹಂತ 3: ಬೆಲೆಯ ಪಕ್ಕದಲ್ಲಿ ತಾರೀಕು ಹಾಕಿ

ಸೂಪರ್‌ಬೈಕ್ ಬೆಲೆ ಒಂದೇ ಕಡೆ ನಿಲ್ಲುವುದಿಲ್ಲ. ಜೆಡ್‌ಎಕ್ಸ್-10ಆರ್ 2021ರ ಮಾರ್ಚ್‌ನಲ್ಲಿ 14.99 ಲಕ್ಷಕ್ಕೆ ಬಂತು. ಎಸ್ 1000 ಆರ್‌ಆರ್ 2022ರ ಡಿಸೆಂಬರ್‌ನಲ್ಲಿ 20.25 ಲಕ್ಷಕ್ಕೆ ಬಂತು. ಹೊಸ ಪಾನಿಗಾಲೆ ವಿ4, 2025ರ ಮಾರ್ಚ್‌ನಲ್ಲಿ 29.99 ಲಕ್ಷಕ್ಕೆ. ಎಲ್ಲವೂ ಎಕ್ಸ್-ಶೋರೂಮ್. ಈ ಮೂರನ್ನು ಹಾಗೇ ಅಕ್ಕಪಕ್ಕ ಇಟ್ಟು ‘ಡುಕಾಟಿ ಎರಡು ಪಟ್ಟು ದುಬಾರಿ’ ಎಂದರೆ ನಾಲ್ಕು ವರ್ಷದ ಬೆಲೆ ಏರಿಕೆಯನ್ನೂ ಡುಕಾಟಿಯ ತಲೆಗೇ ಕಟ್ಟಿದಂತಾಯಿತು.

ಇನ್ನೊಂದು ಗಡಿ ನೆನಪಿಡಿ: 2025ರ ಸೆಪ್ಟೆಂಬರ್ 22. ಆ ದಿನದಿಂದ 350 ಸಿಸಿ ಮೀರಿದ ಬೈಕ್‌ಗಳ ಜಿಎಸ್‌ಟಿ 40% ಆಯಿತು. ಮೊದಲು 28% ಜಿಎಸ್‌ಟಿ, ಮೇಲೆ 3% ಸೆಸ್ ಇತ್ತು. ಅದಕ್ಕಿಂತ ಹಿಂದಿನ ಬೆಲೆಯೊಂದು, ನಂತರದ್ದೊಂದು ನಿಮ್ಮ ಪಟ್ಟಿಯಲ್ಲಿ ಬೆರೆತಿದ್ದರೆ ಹೋಲಿಕೆ ಕೆಡುತ್ತದೆ. ಒಂದೇ ವಾರದಲ್ಲಿ ಎಲ್ಲ ಡೀಲರ್‌ಗಳಿಗೂ ಫೋನ್ ಮಾಡಿ, ಆ ದಿನದ ಬೆಲೆ ಬರೆದುಕೊಳ್ಳಿ. ಅಲ್ಲಿಗೆ ಈ ಹಂತ ಮುಗಿಯಿತು.

ಹಂತ 4: ಶಕ್ತಿಯನ್ನು ಒಂದೇ ಅಳತೆಗೆ ತನ್ನಿ

ಸ್ಪೆಕ್ ಶೀಟ್‌ನಲ್ಲಿ ಕಿಲೋವ್ಯಾಟ್ ಹುಡುಕಿ. ಬಹುತೇಕ ಎಲ್ಲ ಕಂಪನಿಗಳೂ ಅದನ್ನು ಕೊಟ್ಟಿರುತ್ತವೆ, ಮತ್ತು ಅದರಲ್ಲಿ ಗೊಂದಲವಿಲ್ಲ. 100 ಕಿಲೋವ್ಯಾಟ್ ಅಂದರೆ 136 ಪಿಎಸ್, ಅಥವಾ 134 ಬಿಎಚ್‌ಪಿ. ಕಿಲೋವ್ಯಾಟ್ ಅಂಕಿಯನ್ನು 1.36ರಿಂದ ಗುಣಿಸಿದರೆ ಪಿಎಸ್ ಬರುತ್ತದೆ.

ಪಾನಿಗಾಲೆ ವಿ4 (2025) 158.9 ಕಿಲೋವ್ಯಾಟ್, ಅಂದರೆ 216 ಪಿಎಸ್. ಡುಕಾಟಿ ಇದನ್ನೇ 216 ಎಚ್‌ಪಿ ಎಂದು ಬರೆಯುತ್ತದೆ. ಯುರೋಪಿನ ಎಚ್‌ಪಿ ನಮ್ಮ ಪಿಎಸ್‌ಗೇ ಸಮ, ಬ್ರಿಟಿಷ್ ಬಿಎಚ್‌ಪಿಯಲ್ಲಿ ಅದು 213 ಮಾತ್ರ. ಎಸ್ 1000 ಆರ್‌ಆರ್ (2022) 210 ಪಿಎಸ್, ಜೆಡ್‌ಎಕ್ಸ್-10ಆರ್ (2021) 203 ಪಿಎಸ್, ಹಯಾಬುಸಾ (2021) 190 ಪಿಎಸ್.

ಇಲ್ಲಿ ಜಾರುವವರು ಬಹಳ. ಜೆಡ್‌ಎಕ್ಸ್-10ಆರ್‌ಗೆ 213 ಪಿಎಸ್ ಎಂಬ ಇನ್ನೊಂದು ಅಂಕಿಯೂ ಓಡಾಡುತ್ತದೆ. ಅದು ರ‍್ಯಾಮ್ ಏರ್ ಜೊತೆಗಿನದು: ಬೈಕ್ ಭಾರೀ ವೇಗದಲ್ಲಿದ್ದಾಗ ಮುಂದಿನ ಗಾಳಿ ಎಂಜಿನ್ನಿಗೆ ಒತ್ತಿ ನುಗ್ಗಿ ಸಿಗುವ ಹೆಚ್ಚುವರಿ. ಪಾನಿಗಾಲೆಗೆ ರೇಸಿಂಗ್ ಎಕ್ಸಾಸ್ಟ್ ಹಾಕಿದರೆ 228 ಎನ್ನುತ್ತಾರೆ, ಆದರೆ ಆ ಎಕ್ಸಾಸ್ಟ್ ರಸ್ತೆಗಲ್ಲ. ಸ್ನೇಹಿತರು ತೋರಿಸುವ ಡೈನೋ (ಶಕ್ತಿ ಅಳೆಯುವ ಯಂತ್ರ) ಶೀಟ್‌ಗಳು ಹಿಂದಿನ ಚಕ್ರದಲ್ಲಿ ಅಳೆದವು. ಚೈನ್, ಗೇರ್‌ಬಾಕ್ಸ್‌ಗಳಲ್ಲಿ ಒಂದಿಷ್ಟು ಶಕ್ತಿ ಸವೆದು, ಕಂಪನಿ ಹೇಳುವುದಕ್ಕಿಂತ ಸುಮಾರು ಹತ್ತರಿಂದ ಹದಿನೈದು ಶೇಕಡಾ ಕಡಿಮೆ ತೋರಿಸುತ್ತವೆ. ಎಲ್ಲ ಬೈಕ್‌ಗೂ ಕಂಪನಿಯ ಸಾಮಾನ್ಯ ಅಂಕಿ, ಅಥವಾ ಎಲ್ಲಕ್ಕೂ ಒಂದೇ ಡೈನೋದ ಅಂಕಿ. ಎರಡನ್ನೂ ಬೆರೆಸಬೇಡಿ.

ಹಂತ 5: ತೂಕಕ್ಕೆ ಪೆಟ್ರೋಲ್ ತುಂಬಿಸಿ

ಈ ಹಂತದಲ್ಲಿ ನಿಧಾನವಾಗಿ ಹೋಗೋಣ. ಸೂಪರ್‌ಬೈಕ್ ಹೋಲಿಕೆಯಲ್ಲಿ ಅತಿ ಹೆಚ್ಚು ಜನ ಎಡವುವುದು ಇಲ್ಲೇ.

ಪಾನಿಗಾಲೆ ವಿ4 ಸ್ಪೆಕ್ ಶೀಟ್‌ನಲ್ಲಿ ತೂಕ 191 ಕೆಜಿ. ಎಸ್ 1000 ಆರ್‌ಆರ್‌ನಲ್ಲಿ 197 ಕೆಜಿ. ಮೇಲ್ನೋಟಕ್ಕೆ ಡುಕಾಟಿ ಆರು ಕೆಜಿ ಹಗುರ. ಈಗ ಆ ಅಂಕಿಗಳ ಪಕ್ಕದ ಸಣ್ಣ ಅಕ್ಷರ ಓದಿ. ಡುಕಾಟಿ ಕೊಟ್ಟಿರುವುದು ಪೆಟ್ರೋಲ್ ಬಿಟ್ಟ ತೂಕ. ಬಿಎಂಡಬ್ಲ್ಯು ಕೊಟ್ಟಿರುವುದು ಟ್ಯಾಂಕ್ ತುಂಬಿಸಿ, ರಸ್ತೆಗೆ ಇಳಿಯಲು ಸಿದ್ಧವಾದ ತೂಕ.

ಹೊಂದಿಸುವುದು ಸುಲಭ. ಒಂದು ಲೀಟರ್ ಪೆಟ್ರೋಲ್ ಸುಮಾರು ಮುಕ್ಕಾಲು ಕೆಜಿ ತೂಗುತ್ತದೆ. ಪಾನಿಗಾಲೆಯ ಟ್ಯಾಂಕ್ 17 ಲೀಟರ್. 17ನ್ನು 0.75ರಿಂದ ಗುಣಿಸಿ: 12.75 ಕೆಜಿ. 191ಕ್ಕೆ ಸೇರಿಸಿ: ಹತ್ತಿರಹತ್ತಿರ 204 ಕೆಜಿ. ಆರು ಕೆಜಿ ಹಗುರವಾಗಿದ್ದ ಬೈಕ್ ಈಗ ಏಳು ಕೆಜಿ ಭಾರವಾಯಿತು! ಜೆಡ್‌ಎಕ್ಸ್-10ಆರ್‌ನ ಕರ್ಬ್ ತೂಕ 207, ಹಯಾಬುಸಾದ್ದು 266. ಇವೆರಡರಲ್ಲೂ ಪೆಟ್ರೋಲ್ ಸೇರಿದೆ, ಮುಟ್ಟಬೇಡಿ.

ಹಳೆಯ ಬ್ರೋಷರ್‌ಗಳಲ್ಲಿ ‘ಡ್ರೈ ವೇಟ್’ ಎಂದಿದ್ದರೆ ಇನ್ನೂ ಎಚ್ಚರ. ಅದರಲ್ಲಿ ಪೆಟ್ರೋಲ್ ಮಾತ್ರವಲ್ಲ, ಎಂಜಿನ್ ಆಯಿಲ್, ಕೂಲಂಟ್ ಕೂಡ ಸೇರಿರುವುದಿಲ್ಲ, ಕೆಲವು ಕಂಪನಿಗಳು ಬ್ಯಾಟರಿಯನ್ನೂ ಬಿಡುತ್ತಿದ್ದವು. ಅಂಥ ಅಂಕಿ ಸಿಕ್ಕರೆ ಪಟ್ಟಿಗೆ ಹಾಕದೆ, ವೆಟ್ ಅಥವಾ ಕರ್ಬ್ ತೂಕ ಸಿಗುವ ತನಕ ಆ ಖಾನೆ ಖಾಲಿ ಬಿಡಿ.

ಹಂತ 6: ಶಕ್ತಿಯನ್ನು ತೂಕದಿಂದ ಭಾಗಿಸಿ

ಪಿಎಸ್ ಅಂಕಿಯನ್ನು ಕೆಜಿ ಅಂಕಿಯಿಂದ ಭಾಗಿಸಿ. ಇದನ್ನೇ ಪವರ್-ಟು-ವೇಟ್ ಎನ್ನುವುದು.

ಎಸ್ 1000 ಆರ್‌ಆರ್: 210 ಭಾಗ 197 = 1.07. ಪಾನಿಗಾಲೆ: 216 ಭಾಗ 204 = 1.06. ಜೆಡ್‌ಎಕ್ಸ್-10ಆರ್: 203 ಭಾಗ 207 = 0.98. ಹಯಾಬುಸಾ: 190 ಭಾಗ 266 = 0.71. ಹಿಂದಿನ ಹಂತ ಬಿಟ್ಟು 191ರಿಂದಲೇ ಭಾಗಿಸಿದ್ದರೆ ಪಾನಿಗಾಲೆಗೆ 1.13 ಬಂದು, ಬಿಎಂಡಬ್ಲ್ಯು ಎಲ್ಲೋ ಹಿಂದೆ ಉಳಿದಂತೆ ಕಾಣುತ್ತಿತ್ತು. ಇವು ಎಂಥ ಅಂಕಿಗಳೆಂದು ಅಂದಾಜು ಬೇಕೇ? 900 ಕೆಜಿ ತೂಗುವ, 80 ಪಿಎಸ್‌ನ ಸಣ್ಣ ಕಾರಿಗೆ ಈ ಲೆಕ್ಕದಲ್ಲಿ 0.09 ಬರುತ್ತದೆ.

ಆಮೇಲೆ ನಿಮ್ಮನ್ನೂ ಸೇರಿಸಿ. ನಿಮ್ಮ ತೂಕ 70, ಹೆಲ್ಮೆಟ್, ಜಾಕೆಟ್, ಬೂಟು ಸೇರಿ 10 ಎಂದುಕೊಳ್ಳಿ. ಪ್ರತಿ ಬೈಕ್‌ಗೂ 80 ಕೆಜಿ ಕೂಡಿಸಿ ಮತ್ತೆ ಭಾಗಿಸಿ. ಪಾನಿಗಾಲೆ, ಎಸ್ 1000 ಆರ್‌ಆರ್ ಎರಡಕ್ಕೂ 0.76, ಜೆಡ್‌ಎಕ್ಸ್-10ಆರ್‌ಗೆ 0.71, ಹಯಾಬುಸಾಗೆ 0.55. ರಸ್ತೆಯಲ್ಲಿ ಓಡುವುದು ಈ ಎರಡನೇ ಅಂಕಿ, ಹಾಗಾಗಿ ಅದರ ಸುತ್ತ ಒಂದು ಗೆರೆ ಎಳೆದಿಡಿ.

ಹಂತ 7: ಟಾರ್ಕ್ ಎಷ್ಟು ಎಂಬುದರ ಜೊತೆ ಎಲ್ಲಿ ಎಂಬುದನ್ನೂ ನೋಡಿ

ಹಿಂದಿನ ಹಂತ ನೋಡಿ ಹಯಾಬುಸಾವನ್ನು ಪಟ್ಟಿಯಿಂದ ಹೊಡೆದು ಹಾಕಲು ಹೊರಟಿದ್ದರೆ, ಸ್ವಲ್ಪ ತಡೆಯಿರಿ.

ಪಿಎಸ್ ಅಂಕಿ ಎಂಜಿನ್ ತನ್ನ ತುತ್ತತುದಿಯಲ್ಲಿ ಕೊಡುವ ಬಲ. ಪಾನಿಗಾಲೆಯ 216 ಪಿಎಸ್ ಸಿಗುವುದು 13,500 ಆರ್‌ಪಿಎಂನಲ್ಲಿ, ಎಸ್ 1000 ಆರ್‌ಆರ್‌ನ 210 ಸಿಗುವುದು 13,750ರಲ್ಲಿ. ಊರಿಂದೂರಿಗೆ ಹೋಗುವಾಗ ಯಾರೂ ಅಲ್ಲಿ ಎಂಜಿನ್ ಇಟ್ಟುಕೊಂಡಿರುವುದಿಲ್ಲ. ನಾಲ್ಕರಿಂದ ಏಳು ಸಾವಿರದೊಳಗೇ ನಮ್ಮ ಸವಾರಿ. ಅಲ್ಲಿ ಏನು ಸಿಗುತ್ತದೆ ಎಂದು ತಿಳಿಯಲು ಒಂದು ಸರಳ ಸೂತ್ರವಿದೆ: ಟಾರ್ಕನ್ನು, ಅಂದರೆ ಎಂಜಿನ್ನಿನ ತಿರುಗಿಸುವ ಬಲವನ್ನು, ನ್ಯೂಟನ್ ಮೀಟರ್‌ನಲ್ಲಿ ತೆಗೆದುಕೊಂಡು ಆರ್‌ಪಿಎಂನಿಂದ ಗುಣಿಸಿ, 7024ರಿಂದ ಭಾಗಿಸಿ. ಆ ಆರ್‌ಪಿಎಂನಲ್ಲಿನ ಪಿಎಸ್ ಬರುತ್ತದೆ.

2021ರ ಹಯಾಬುಸಾಗೆ 7,000 ಆರ್‌ಪಿಎಂನಲ್ಲಿ 150 ನ್ಯೂಟನ್ ಮೀಟರ್ ಟಾರ್ಕ್. 150 ಗುಣಿಸು 7,000, ಭಾಗ 7024. ಉತ್ತರ ಸುಮಾರು 149 ಪಿಎಸ್.

ಎಸ್ 1000 ಆರ್‌ಆರ್‌ನ ಗರಿಷ್ಠ ಟಾರ್ಕ್ 113 ನ್ಯೂಟನ್ ಮೀಟರ್, ಅದೂ 11,000 ಆರ್‌ಪಿಎಂನಲ್ಲಿ. 7,000ದಲ್ಲಿ ಎಷ್ಟೆಂದು ಬ್ರೋಷರ್ ಹೇಳುವುದಿಲ್ಲ. ಪರವಾಗಿಲ್ಲ, 113ಕ್ಕಿಂತ ಹೆಚ್ಚಿರಲು ಸಾಧ್ಯವಿಲ್ಲ ಎಂಬುದಂತೂ ಖಚಿತ. ಹಾಗಾಗಿ 7,000ದಲ್ಲಿ ಅದು ಕೊಡುವುದು ಹೆಚ್ಚೆಂದರೆ 113 ಪಿಎಸ್. ಈಗ ಸವಾರನ ಸಮೇತ ತೂಕದಿಂದ ಭಾಗಿಸಿ: ಹಯಾಬುಸಾ 0.43, ಬಿಎಂಡಬ್ಲ್ಯು ಹೆಚ್ಚೆಂದರೆ 0.41. 69 ಕೆಜಿ ಹೆಚ್ಚು ಹೊತ್ತಿದ್ದರೂ ಅದೇ ಆರ್‌ಪಿಎಂನಲ್ಲಿ ಹಯಾಬುಸಾದೇ ಒಂದು ಕೈ ಮೇಲು. ಗೇರ್ ಇಳಿಸಿ 11,000ಕ್ಕೆ ಏರಿಸಿದರೆ ಬಿಎಂಡಬ್ಲ್ಯು ಮುಂದೆ ಹಾರಿಹೋಗುತ್ತದೆ, ನಿಜ. ನಿಮ್ಮ ಸವಾರಿ ಯಾವ ಬಗೆಯದು ಎಂಬುದಕ್ಕೆ ಹಂತ 1ರ ಸಾಲನ್ನು ಒಮ್ಮೆ ತಿರುಗಿ ಓದಿ.

ಜೆಡ್‌ಎಕ್ಸ್-10ಆರ್‌ಗೆ 11,400 ಆರ್‌ಪಿಎಂನಲ್ಲಿ 114.9, ಪಾನಿಗಾಲೆಗೆ 11,250ರಲ್ಲಿ ಸುಮಾರು 121 ನ್ಯೂಟನ್ ಮೀಟರ್. ಇವೆರಡರ ಲೆಕ್ಕ ನೀವೇ ಮಾಡಿ ನೋಡಿ, ಕೈ ಪಳಗುತ್ತದೆ.

ಹಂತ 8: ಸೊನ್ನೆಯಿಂದ ನೂರು, ಟಾಪ್ ಸ್ಪೀಡ್ ಎರಡನ್ನೂ ಪಕ್ಕಕ್ಕಿಡಿ

ನಾಲ್ಕೂ ಬೈಕ್‌ಗಳು ಸೊನ್ನೆಯಿಂದ ನೂರಕ್ಕೆ ಮೂರು ಸೆಕೆಂಡಿನ ಆಸುಪಾಸಿನಲ್ಲೇ ಮುಟ್ಟುತ್ತವೆ. ಯಾಕೆಂದರೆ ಅಲ್ಲಿ ತಡೆಯುವುದು ಶಕ್ತಿಯ ಕೊರತೆಯಲ್ಲ, ಮುಂಚಕ್ರ ಮೇಲೇಳುವುದು. ಇಂಥ ಬೈಕ್‌ನ ವೇಗೋತ್ಕರ್ಷ ಗುರುತ್ವದ ಮಟ್ಟಕ್ಕೆ ಹತ್ತಿರ ಬಂದಾಗ ವೀಲಿ ಶುರುವಾಗುತ್ತದೆ. ಅಷ್ಟೇ ವೇಗೋತ್ಕರ್ಷದಲ್ಲಿ ನೂರು ಮುಟ್ಟಲು ಲೆಕ್ಕದ ಪ್ರಕಾರ 2.8 ಸೆಕೆಂಡು ಬೇಕು. ಇನ್ನೂ ಐವತ್ತು ಪಿಎಸ್ ತುಂಬಿಸಿದರೂ ಮುಂಚಕ್ರ ಇನ್ನಷ್ಟು ಬೇಗ ಎದ್ದೀತೇ ಹೊರತು ಸಮಯ ಇಳಿಯದು. ಹೋಲಿಸಲೇಬೇಕೆಂದರೆ ನೂರರಿಂದ ಇನ್ನೂರಕ್ಕೆ ಹಿಡಿಯುವ ಸಮಯ ನೋಡಿ. ಶಕ್ತಿಯ ವ್ಯತ್ಯಾಸ ಬಯಲಾಗುವುದು ಅಲ್ಲಿ.

ಟಾಪ್ ಸ್ಪೀಡ್ ಕಥೆಯೂ ಹೀಗೆಯೇ. 1999ರ ಮೊದಲ ಹಯಾಬುಸಾ 300 ಕಿ.ಮೀ. ದಾಟಿದಾಗ ಯುರೋಪಿನಲ್ಲಿ ಇಂಥ ಬೈಕ್‌ಗಳನ್ನೇ ನಿಷೇಧಿಸುವ ಮಾತು ಎದ್ದಿತು. ಆಮೇಲೆ ಕಂಪನಿಗಳು ತಮ್ಮಲ್ಲೇ ಒಪ್ಪಂದಕ್ಕೆ ಬಂದು 299ಕ್ಕೆ ಎಲೆಕ್ಟ್ರಾನಿಕ್ ಕಡಿವಾಣ ಹಾಕಿದವು. ಆ ಕಡಿವಾಣ ಇರುವ ಬೈಕ್‌ಗಳ ಟಾಪ್ ಸ್ಪೀಡನ್ನು ಹೋಲಿಸಿ ಸಿಗುವುದು ಏನೂ ಇಲ್ಲ.

ಹಂತ 9: ಒಂದು ಪಿಎಸ್‌ಗೆ ಎಷ್ಟು ರೂಪಾಯಿ?

ಬೆಲೆಯನ್ನು ಪಿಎಸ್‌ನಿಂದ ಭಾಗಿಸಿ. ಒಂದೇ ವರ್ಷದ ಬೆಲೆ ಬೇಕು ಎಂದು ಹಂತ 3ರಲ್ಲಿ ಹೇಳಿದ್ದರಿಂದ, ಅಭ್ಯಾಸಕ್ಕೆ 2021ರಲ್ಲಿ ಬಂದ ಮೂರನ್ನು ಇಟ್ಟುಕೊಳ್ಳೋಣ.

ಜೆಡ್‌ಎಕ್ಸ್-10ಆರ್, 14.99 ಲಕ್ಷ, 203 ಪಿಎಸ್: ಒಂದು ಪಿಎಸ್‌ಗೆ ಸುಮಾರು 7,380 ರೂಪಾಯಿ. ಹಯಾಬುಸಾ, 16.40 ಲಕ್ಷ, 190 ಪಿಎಸ್: ಸುಮಾರು 8,630. ಆ ವರ್ಷದ ಪಾನಿಗಾಲೆ ವಿ4, 23.50 ಲಕ್ಷ, 214 ಪಿಎಸ್: ಸುಮಾರು 10,980.

ಇಲ್ಲಿಗೆ ನಿಲ್ಲಿಸುವವರೇ ಹೆಚ್ಚು. ನೀವು ಇನ್ನೊಂದು ಹೆಜ್ಜೆ ಇಡಿ. ಕವಾಸಕಿ ಬಿಟ್ಟು ಡುಕಾಟಿಗೆ ಹೋದರೆ ಹೆಚ್ಚಾಗಿ ಸಿಗುವುದು 11 ಪಿಎಸ್. ಹೆಚ್ಚಾಗಿ ಕೊಡುವುದು 8.51 ಲಕ್ಷ. 8,51,000ವನ್ನು 11ರಿಂದ ಭಾಗಿಸಿ. ಆ ಮೇಲಿನ ಒಂದೊಂದು ಪಿಎಸ್‌ಗೆ 77,000 ರೂಪಾಯಿಗೂ ಹೆಚ್ಚು ಬಿತ್ತು. ಮೊದಲ ಇನ್ನೂರು ಪಿಎಸ್ ಅಗ್ಗ, ಕೊನೆಯ ಹತ್ತು ದುಬಾರಿ. ನನ್ನ ಮಟ್ಟಿಗೆ ಇಡೀ ಹೋಲಿಕೆಯಲ್ಲಿ ಅತಿ ಹೆಚ್ಚು ಕಣ್ಣು ತೆರೆಸುವ ಸಂಖ್ಯೆ ಇದೇ. ಅದಕ್ಕೇ ಪಟ್ಟಿಗೆ ಇನ್ನೊಂದು ಕಾಲಂ ಸೇರಿಸಿ, ‘ಹೆಚ್ಚುವರಿ ಪಿಎಸ್‌ನ ಬೆಲೆ’ ಎಂದು ಹೆಸರಿಡಿ.

ಅಗ್ಗವಾದ್ದರಿಂದ ಜೆಡ್‌ಎಕ್ಸ್-10ಆರ್ ಕಳಪೆ ಇರಬೇಕು ಎಂಬ ಅನುಮಾನ ಬೇಡ. ಜೊನಾಥನ್ ರೇ 2015ರಿಂದ 2020ರ ವರೆಗೆ ಸತತ ಆರು ವಿಶ್ವ ಸೂಪರ್‌ಬೈಕ್ ಚಾಂಪಿಯನ್‌ಶಿಪ್ ಗೆದ್ದದ್ದು ಇದರ ರೇಸ್ ರೂಪದ ಮೇಲೆ ಕುಳಿತು.

ಹಂತ 10: ಪಿಎಸ್‌ನಲ್ಲಿ ಕಾಣದ್ದನ್ನು ಬೇರೆ ಬರೆಯಿರಿ

ಹಾಗಾದರೆ ಆ ಎಂಟೂವರೆ ಲಕ್ಷ ಹೋಯಿತೆಲ್ಲಿಗೆ? ಇದಕ್ಕೆ ಉತ್ತರ ಡುಕಾಟಿಯ ಪಟ್ಟಿಯಲ್ಲೇ ಇದೆ. 2025ರಲ್ಲಿ ಪಾನಿಗಾಲೆ ವಿ4 29.99 ಲಕ್ಷ, ಅದರ ಎಸ್ ಮಾಡೆಲ್ 36.50 ಲಕ್ಷ. ಎರಡರಲ್ಲೂ ಎಂಜಿನ್ ಒಂದೇ, ಶಕ್ತಿ ಅದೇ 216 ಪಿಎಸ್. ಆರೂವರೆ ಲಕ್ಷ ಹೆಚ್ಚಿಗೆ ಕೊಟ್ಟಾಗ ಸಿಗುವುದು ರಸ್ತೆಗೆ ತಕ್ಕಂತೆ ತಾನೇ ಬದಲಾಗುವ ಓಹ್ಲಿನ್ಸ್ ಎಲೆಕ್ಟ್ರಾನಿಕ್ ಸಸ್ಪೆನ್ಷನ್, ಫೋರ್ಜ್ಡ್ ಚಕ್ರ, ಲಿಥಿಯಂ ಬ್ಯಾಟರಿ. ತೂಕ 191ರಿಂದ 187ಕ್ಕೆ ಇಳಿಯುತ್ತದೆ.

ಆದ್ದರಿಂದ ಪ್ರತಿ ಬೈಕ್‌ಗೂ ಒಂದು ಪುಟ ಬಿಟ್ಟು, ಬ್ರೇಕ್ ಕ್ಯಾಲಿಪರ್, ಸಸ್ಪೆನ್ಷನ್, ಚಕ್ರ, ಕ್ವಿಕ್‌ಶಿಫ್ಟರ್, ಟ್ರ್ಯಾಕ್ಷನ್ ಕಂಟ್ರೋಲ್, ಕಾರ್ನರಿಂಗ್ ಎಬಿಎಸ್ ಇವೆಯೇ, ಯಾವ ದರ್ಜೆಯವು ಎಂದು ಬರೆಯಿರಿ. ಟ್ರ್ಯಾಕ್‌ಗೆ ಹೋಗುವವರಿಗೆ ಒಳ್ಳೆಯ ಸಸ್ಪೆನ್ಷನ್ ಹತ್ತು ಪಿಎಸ್‌ಗಿಂತ ಹೆಚ್ಚು ಕೆಲಸಕ್ಕೆ ಬರುತ್ತದೆ. ಹೊಸಬರಿಗೆ ಕಾರ್ನರಿಂಗ್ ಎಬಿಎಸ್ ಎಲ್ಲಕ್ಕಿಂತ ಮುಖ್ಯ. ಬೈಕ್ ವಾಲಿದ್ದಾಗ ಹೆದರಿ ಬ್ರೇಕ್ ಹಿಡಿದರೂ ಚಕ್ರ ಲಾಕ್ ಆಗದಂತೆ ಕಾಯುವುದು ಅದೇ. ಅದಿಲ್ಲದ ಹಳೆಯ ಲೀಟರ್ (1000 ಸಿಸಿ) ಬೈಕನ್ನು ಮೊದಲ ಸೂಪರ್‌ಬೈಕ್ ಆಗಿ ಕೊಳ್ಳಬೇಡಿ ಎಂದು ನಾನು ಒತ್ತಿ ಹೇಳುತ್ತೇನೆ.

ಹಂತ 11: ಆನ್-ರೋಡ್ ಬೆಲೆ ಹಾಕಿ

ಕರ್ನಾಟಕದಲ್ಲಿ ಒಂದು ಲಕ್ಷ ಮೀರಿದ ಬೈಕ್‌ಗೆ ಲೈಫ್‌ಟೈಮ್ ಟ್ಯಾಕ್ಸ್ 18%, ಆ ತೆರಿಗೆಯ ಮೇಲೆ ಸೆಸ್. 20 ಲಕ್ಷದ ಬೈಕ್‌ಗೆ ತೆರಿಗೆಯೇ 3.60 ಲಕ್ಷ. 30 ಲಕ್ಷದ್ದಕ್ಕೆ 5.40 ಲಕ್ಷ. ಎಕ್ಸ್-ಶೋರೂಮ್‌ನಲ್ಲಿ ಹತ್ತು ಲಕ್ಷವಿದ್ದ ಅಂತರ ಆರ್‌ಟಿಒ ಬಾಗಿಲಲ್ಲಿ ಹನ್ನೆರಡು ಲಕ್ಷ ಸಮೀಪಿಸುತ್ತದೆ. ಇನ್ಶೂರೆನ್ಸ್ ಬೇರೆ. ಝೀರೋ ಡೆಪ್ (ಬಿಡಿಭಾಗಗಳ ಸವಕಳಿ ಕಳೆಯದೆ ಪರಿಹಾರ ಕೊಡುವ ವಿಮೆ) ಸೇರಿಸಿಯೇ ಕೊಟೇಶನ್ ಕೇಳಿ, ಯಾಕೆಂದರೆ ಬೈಕ್ ನಿಂತಲ್ಲೇ ಬಿದ್ದರೂ ಫೇರಿಂಗ್ ಬದಲಿಸುವ ಖರ್ಚು ಕೈ ಕಚ್ಚುತ್ತದೆ.

ಬೇರೆ ರಾಜ್ಯದ ನಂಬರ್ ಪ್ಲೇಟ್‌ನ ಬೈಕ್ ಅಗ್ಗಕ್ಕೆ ಸಿಗುತ್ತಿದೆ ಎನ್ನುವವರು ಗಮನಿಸಿ: ಮೋಟಾರು ವಾಹನ ಕಾಯ್ದೆಯ 47ನೇ ಕಲಂ ಪ್ರಕಾರ ಹನ್ನೆರಡು ತಿಂಗಳು ಮೀರಿ ಇಲ್ಲಿಟ್ಟುಕೊಂಡರೆ ಇಲ್ಲಿಯ ನೋಂದಣಿ ಮಾಡಿಸಲೇಬೇಕು. ಆ ತೆರಿಗೆಯನ್ನೂ ಬೆಲೆಗೆ ಕೂಡಿಸಿ.

ಬೈಕ್ ಇಡಿಯಾಗಿ ಆಮದಾಗಿದೆಯೋ, ಇಲ್ಲಿ ಜೋಡಿಸಿದ್ದೋ ಎಂದೂ ಕೇಳಿ. 2025ರ ಬಜೆಟ್ ನಂತರ 1600 ಸಿಸಿವರೆಗಿನ ಬೈಕ್ ಇಡಿಯಾಗಿ ಬಂದರೆ ಆಮದು ಸುಂಕ 40%, ಬಿಡಿಭಾಗಗಳಾಗಿ ಬಂದು ಇಲ್ಲಿ ಜೋಡಣೆಯಾದರೆ 10%. ಸುಜುಕಿ 2016ರಲ್ಲಿ ಹಯಾಬುಸಾವನ್ನು, ಕವಾಸಕಿ 2018ರಲ್ಲಿ ಜೆಡ್‌ಎಕ್ಸ್-10ಆರ್ ಅನ್ನು ಭಾರತದಲ್ಲೇ ಜೋಡಿಸತೊಡಗಿದವು. ಇವುಗಳ ಬೆಲೆ ಕೆಳಗಿರುವುದಕ್ಕೆ ಇದೂ ಒಂದು ದೊಡ್ಡ ಕಾರಣ. ಎಂಜಿನಿಯರಿಂಗ್‌ನಲ್ಲಿ ಕಡಿಮೆ ಎಂದಲ್ಲ.

ಹಂತ 12: ಐದು ವರ್ಷದ ಖರ್ಚು ಬರೆಯಿರಿ

ಮೂರು ಸಾಲು ಸಾಕು. ಮೊದಲನೆಯದು ಟೈರ್. ಪಾನಿಗಾಲೆಯ ಹಿಂಬದಿ ಟೈರ್ 200/60, ಹಯಾಬುಸಾದ್ದು 190/50. ರೇಸ್ ಬಗೆಯ ಮೆತ್ತನೆ ರಬ್ಬರ್ ಕೆಲವೇ ಸಾವಿರ ಕಿ.ಮೀ.ಗೆ ಸವೆದುಹೋಗುತ್ತದೆ, ಟೂರಿಂಗ್ ಟೈರ್ ಹೆಚ್ಚು ಬಾಳುತ್ತದೆ. ಡೀಲರ್ ಬಳಿ ಒಂದು ಜೊತೆಯ ಬೆಲೆ ಕೇಳಿ ಬರೆದುಕೊಳ್ಳಿ.

ಎರಡನೆಯದು ದೊಡ್ಡ ಸರ್ವಿಸ್. ಪಾನಿಗಾಲೆ ವಿ4ರ ಡೆಸ್ಮೊ ಸರ್ವಿಸ್, ಅಂದರೆ ವಾಲ್ವ್‌ಗಳ ಅಂತರ ನೋಡಿ ಸರಿಪಡಿಸುವ ಕೆಲಸ, 24,000 ಕಿ.ಮೀ.ಗೊಮ್ಮೆ. ನೀವು ವರ್ಷಕ್ಕೆ ಐದು ಸಾವಿರ ಓಡಿಸುವವರಾದರೆ ಐದು ವರ್ಷದಲ್ಲಿ ಒಂದೇ ಸಲ. ಆ ಒಂದು ಸಲಕ್ಕೆ ಎಷ್ಟಾಗುತ್ತದೆ ಎಂದು ಸರ್ವಿಸ್ ಸೆಂಟರ್‌ನಲ್ಲೇ ವಿಚಾರಿಸಿ, ಸೇಲ್ಸ್ ಮೇಜಿನಲ್ಲಲ್ಲ.

ಮೂರನೆಯದು ಪೆಟ್ರೋಲ್. ಮಾಲೀಕರ ಕೈಪಿಡಿ 95 ಆಕ್ಟೇನ್ ಕೇಳಿದರೆ ಎಕ್ಸ್‌ಪಿ95ರಂಥ ಪೆಟ್ರೋಲ್ ಸಿಗುವ ಬಂಕ್‌ಗಳು ನಿಮ್ಮ ದಾರಿಯಲ್ಲಿ ಎಲ್ಲೆಲ್ಲಿವೆ ಎಂದು ಮೊದಲೇ ಗುರುತು ಮಾಡಿಕೊಳ್ಳಿ.

ಹಂತ 13: ಕುಳಿತು ನೋಡಿ, ಓಡಿಸಿ ನೋಡಿ

ಅಂಕಿಗಳ ಕೆಲಸ ಮುಗಿಯಿತು. ಶೋರೂಮ್‌ಗೆ ಹೋಗಿ, ಆದರೆ ಹೋಗುವಾಗ ರೈಡಿಂಗ್ ಜಾಕೆಟ್, ಬೂಟು ಹಾಕಿಕೊಂಡೇ ಹೋಗಿ. ಪಾನಿಗಾಲೆಯ ಸೀಟ್ ಎತ್ತರ 850 ಮಿ.ಮೀ., ಜೆಡ್‌ಎಕ್ಸ್-10ಆರ್‌ನದು 835, ಹಯಾಬುಸಾದ್ದು 800. ಎರಡೂ ಪಾದ ನೆಲಕ್ಕೆ ಊರುತ್ತವೆಯೇ, ಬೆರಳ ತುದಿ ಮಾತ್ರವೇ ನೋಡಿ. ಸ್ಟ್ಯಾಂಡ್ ತೆಗೆಸಿ, ಕುಳಿತಲ್ಲೇ ಬೈಕನ್ನು ಹಿಂದಕ್ಕೆ ತಳ್ಳಿ ನೋಡಿ. ಮನೆಯ ಗೇಟಿನ ಇಳಿಜಾರಿನಲ್ಲಿ ಹಯಾಬುಸಾದ 266 ಕೆಜಿಯನ್ನು ನೀವೇ ನಿಭಾಯಿಸಬೇಕು. ಆಮೇಲೆ ಹ್ಯಾಂಡಲ್ ಹಿಡಿದು ಹತ್ತು ನಿಮಿಷ ಹಾಗೇ ಕುಳಿತಿರಿ. ಮೊದಲೆರಡು ನಿಮಿಷ ಎಲ್ಲ ಬೈಕೂ ಹಿತವೇ. ಮಣಿಕಟ್ಟು, ಕತ್ತು, ಸೊಂಟ ದೂರು ಹೇಳಲು ಶುರುಮಾಡುವುದು ಆಮೇಲೆ. ಸೇಲ್ಸ್‌ನವರು ಏನಂದುಕೊಳ್ಳುತ್ತಾರೋ ಎಂದು ಸಂಕೋಚ ಬೇಡ.

ಟೆಸ್ಟ್ ರೈಡ್ ಸಿಕ್ಕರೆ ರೇನ್ ಮೋಡ್‌ನಲ್ಲೇ ಶುರುಮಾಡಿ. ಥ್ರಾಟಲ್ ಪೂರ್ತಿ ತಿರುವುವ ಆಸೆ ಬೇಡ, ಅದರಿಂದ ಹೋಲಿಕೆಗೆ ಬೇಕಾದ್ದೇನೂ ತಿಳಿಯುವುದಿಲ್ಲ. ಸಿಗ್ನಲ್‌ನಲ್ಲಿ ನಿಂತಾಗ ತೊಡೆಗೆ ಎಷ್ಟು ಬಿಸಿ ತಟ್ಟುತ್ತದೆ, ರೋಡ್ ಹಂಪ್ ದಾಟುವಾಗ ಹೊಟ್ಟೆ ತಾಗುತ್ತದೆಯೇ, ನಿಧಾನವಾಗಿ ಯೂ-ಟರ್ನ್ ತೆಗೆದುಕೊಳ್ಳಲು ಆಗುತ್ತದೆಯೇ, ಇವನ್ನು ಗಮನಿಸಿ. ವಾಪಸಾದ ತಕ್ಷಣ, ಮರೆಯುವ ಮುಂಚೆ, ಆಯಾ ಬೈಕ್‌ನ ಪುಟದಲ್ಲಿ ಬರೆಯಿರಿ.

ಹಂತ 14: ಮೊದಲ ಸಾಲಿಗೆ ತಾಳೆ ನೋಡಿ, ಆಯ್ಕೆ ಮಾಡಿ

ಹಂತ 1ರಲ್ಲಿ ‘ದೂರದ ಸವಾರಿ’ ಎಂದಿದ್ದರೆ ನನ್ನ ಮತ ಹಯಾಬುಸಾಗೆ. ಹಂತ 7ರ 149 ಪಿಎಸ್ ನಿಮಗೆ ದಿನವೂ ಸಿಗುವ ಬಲ. ‘ಟ್ರ್ಯಾಕ್, ಆದರೆ ಖರ್ಚು ಹಿಡಿತದಲ್ಲಿರಬೇಕು’ ಎಂದಿದ್ದರೆ ಜೆಡ್‌ಎಕ್ಸ್-10ಆರ್ ಕೊಳ್ಳಿ, ಉಳಿದ ಹಣದಲ್ಲಿ ಒಳ್ಳೆಯ ಲೆದರ್ ಸೂಟ್, ಟೈರ್, ರೈಡಿಂಗ್ ತರಬೇತಿ ಮೂರೂ ಬರುತ್ತವೆ. ಟ್ರ್ಯಾಕ್ ಮತ್ತು ರಸ್ತೆ ಎರಡೂ ಬೇಕು, ಬಜೆಟ್ ಸ್ವಲ್ಪ ಹಿಗ್ಗುತ್ತದೆ ಎಂದಾದರೆ ಎಸ್ 1000 ಆರ್‌ಆರ್. ತೂಕದ ಲೆಕ್ಕದಲ್ಲಿ ಪಾನಿಗಾಲೆಗೆ ಸರಿಸಮ ನಿಂತದ್ದನ್ನು ನೀವೇ ನೋಡಿದಿರಿ. ಇನ್ನು ಪಾನಿಗಾಲೆ. ಅದರ ವಿ4 ಎಂಜಿನ್ನಿನ ದನಿಗೆ, ಆ ರೂಪಕ್ಕೆ ಮನಸೋತಿದ್ದರೆ, ಐದು ವರ್ಷದ ಖರ್ಚಿನ ಪುಟ ನೋಡಿಯೂ ಮನಸ್ಸು ಬದಲಾಗದಿದ್ದರೆ, ಧೈರ್ಯವಾಗಿ ಕೊಳ್ಳಿ. ಇಷ್ಟಪಟ್ಟು ಕೊಳ್ಳುವುದೂ ಸರಿಯಾದ ಕಾರಣವೇ. ಪಿಎಸ್ ಹೆಚ್ಚಿದೆ ಎಂಬ ಒಂದೇ ಕಾರಣಕ್ಕೆ ಮಾತ್ರ ಕೊಳ್ಳಬೇಡಿ.

ಇದುವರೆಗೆ 300–400 ಸಿಸಿ ದಾಟಿಲ್ಲದವರು ಈ ನಾಲ್ಕನ್ನೂ ಸದ್ಯಕ್ಕೆ ಬದಿಗಿಟ್ಟು, ನಡುವಿನ 600–700 ಸಿಸಿ ಬೈಕ್‌ಗಳಿಗೆ ಇದೇ ಪಟ್ಟಿ ಹಾಕಿ. ಕಾಲಂಗಳು ಒಂದೂ ಬದಲಾಗುವುದಿಲ್ಲ.

ಆಯ್ಕೆಯಾದ ಮೇಲೆ ಡೀಲರ್‌ನಿಂದ ಆನ್-ರೋಡ್ ಕೊಟೇಶನ್ ಬರಹದಲ್ಲಿ ತೆಗೆದುಕೊಳ್ಳಿ. ಡೆಲಿವರಿ ತಡವಾಗಿ, ಅಷ್ಟರಲ್ಲಿ ಬೆಲೆ ಏರಿದರೆ ಯಾವ ಬೆಲೆ ಅನ್ವಯ, ಬುಕಿಂಗ್ ರದ್ದು ಮಾಡಿದರೆ ಎಷ್ಟು ಹಣ ವಾಪಸ್ ಎಂಬ ಎರಡು ಪ್ರಶ್ನೆಗಳಿಗೆ ಅದೇ ಹಾಳೆಯಲ್ಲಿ ಉತ್ತರ ಬರೆಸಿಕೊಂಡು, ಆಮೇಲೆ ಮುಂಗಡ ಕಟ್ಟಿ.